ತಮ್ಮನ ಕರುಳಿನ ಹುಣ್ಣು ಟಿಬಿನೋ ಕ್ರೋನ್ಸೋ? ಇಬ್ಬರು ಡಾಕ್ಟರು, ಎರಡು ಮಾತು

ಬೆಟಗೇರಿ ಲೆಕ್ಕದವ:

ಎಲ್ಲರಿಗೂ ನಮಸ್ಕಾರ. ಗದಗ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವವ ನಾನು. ಕೇಳುತ್ತಿರುವುದು ತಮ್ಮನಿಗಾಗಿ. ವಯಸ್ಸು 31, ಟಂಟಂ ಓಡಿಸುತ್ತಾನೆ.

ದೀಪಾವಳಿ ಸುಮಾರಿಗೆ ಶುರುವಾಯಿತು. ಊಟ ಮಾಡಿ ಒಂದು ತಾಸು ಆಗುವುದರೊಳಗೆ ಹೊಟ್ಟೆಯ ಬಲಗಡೆ ಕೆಳಗೆ ಹಿಡಿದುಕೊಂಡು ಕೂರುತ್ತಿದ್ದ. ಒಳಗೆ ಗುಡುಗುಡು ಸದ್ದು. ಏನೋ ಮುಂದೆ ಸರಿದ ಹಾಗಾಗಿ ನೋವು ಇಳಿಯುತ್ತಿತ್ತು. ಮೊದಲು ತೋರಿಸಿದ ಕಡೆ ಗ್ಯಾಸ್ ಅಂದರು, ಮಿರ್ಚಿ ಭಜಿ ಬಿಡು ಅಂದರು. ಇವನು ಭಜಿ ಬಿಟ್ಟ, ನೋವು ಇವನನ್ನು ಬಿಡಲಿಲ್ಲ. ದಿನಕ್ಕೆ ನಾಲ್ಕೈದು ಸಲ ಸಂಡಾಸಿಗೆ. ಸಂಜೆ ಮೈ ಬೆಚ್ಚಗೆ. ಬೆಲ್ಟಿಗೆ ಹೊಸ ತೂತು ಹಾಕಿಸುವಷ್ಟು ಇಳಿದ.

ಆಮೇಲೆ ಹುಬ್ಬಳ್ಳಿಗೆ ಹೋದೆವು. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಅಂತ ಒಂದು ಟೆಸ್ಟ್, 780 ಬಂತು. ಕೊಲೊನೊಸ್ಕೋಪಿಯಲ್ಲಿ ಸಣ್ಣ ಕರುಳು ದೊಡ್ಡ ಕರುಳು ಕೂಡುವ ಜಾಗದಲ್ಲಿ ಹುಣ್ಣು, ಬಾಯಿ ಊದಿಕೊಂಡು ಕಿರಿದಾಗಿದೆ, ಸ್ಕೋಪ್ ಮುಂದೆ ಹೋಗಲಿಲ್ಲ. ಅಲ್ಲಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ವರದಿ ಹೀಗಿದೆ: ಗ್ರ್ಯಾನ್ಯುಲೋಮಾ (ಉರಿಯೂತದ ಕಣಗಳ ಸಣ್ಣ ಗುಂಪು) ಇದೆ, ಕೇಸಿಯೇಷನ್ (ಟಿಬಿಯಲ್ಲಿ ಅದರ ನಡುವೆ ಕಾಣುವ ಕೊಳೆತ) ಇಲ್ಲ, ಎಎಫ್‌ಬಿ (ಟಿಬಿ ಥರದ ಕ್ರಿಮಿ) ಕಾಣಲಿಲ್ಲ. ಎದೆಯ ಎಕ್ಸ್‌ರೇ ಚೊಕ್ಕ.

ಒಬ್ಬ ಡಾಕ್ಟರು ಇದು ಕ್ರೋನ್ಸ್ ಇರಬಹುದು ಅಂದರು, ಅಂದರೆ ಟಿಬಿ ಕ್ರಿಮಿ ಇಲ್ಲದೆಯೂ ಕರುಳು ಉರಿದು ಹುಣ್ಣಾಗುವ, ವರ್ಷಗಟ್ಟಲೆ ಇರುವ ಕಾಯಿಲೆ. ಇನ್ನೊಬ್ಬರು ಟಿಬಿ ಗುಳಿಗೆ ಎರಡು ತಿಂಗಳು ಕೊಟ್ಟು ನೋಡೋಣ ಅಂದರು. "ಕೊಟ್ಟು ನೋಡೋಣ" ಅನ್ನುವ ಮಾತೇ ನನಗೆ ಹಿಡಿಸಲಿಲ್ಲ. ಜಮಾ ಖರ್ಚು ತಾಳೆ ಆಗದಿದ್ದರೆ ನಾವು ರಾತ್ರಿ ಅಂಗಡಿ ಬಾಗಿಲು ಹಾಕುವುದಿಲ್ಲ. ಇಷ್ಟು ರೊಕ್ಕ ಸುರಿದು, ಒಳಗೆ ಕ್ಯಾಮೆರಾ ಬಿಟ್ಟು ನೋಡಿದ ಮೇಲೂ ಅಂದಾಜಿನ ಮೇಲೆ ಔಷಧನಾ? ಮನೆಯಲ್ಲಿ ಅರ್ಧ ಜನ ಮಿರಜ್‌ಗೆ ಒಯ್ಯಿ ಅಂತಾರೆ, ಇನ್ನರ್ಧ ಬೆಂಗಳೂರು. ಅವ್ವ ಅವನ ತಾಟು, ಲೋಟ ಬೇರೆ ಇಟ್ಟಿದ್ದಾಳೆ. ಗೊತ್ತಿದ್ದವರು ಹೇಳಿ.

ಸ್ಲೈಡ್ ಪೆಟ್ಟಿಗೆ:

ಹುಬ್ಬಳ್ಳಿ ವಿದ್ಯಾನಗರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೇನೆ. ಡಾಕ್ಟರ್ ಅಲ್ಲ. ಟೆಸ್ಟಿನ ಬಗ್ಗೆ ಮಾತ್ರ ಹೇಳುತ್ತೇನೆ.

ಕ್ಯಾಲ್‌ಪ್ರೊಟೆಕ್ಟಿನ್ ಅಂದರೆ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣದೊಳಗೆ ತುಂಬಿರುವ ಒಂದು ಪ್ರೋಟೀನ್. ಕರುಳಿನ ಗೋಡೆ ಉರಿದು ಊದಿಕೊಂಡಾಗ ಈ ಕಣಗಳು ಅಲ್ಲಿಗೆ ನುಗ್ಗುತ್ತವೆ, ಪ್ರೋಟೀನ್ ಮಲದಲ್ಲಿ ಇಳಿದು ಬರುತ್ತದೆ. ಒಂದು ಗ್ರಾಂ ಮಲದಲ್ಲಿ 50 ಮೈಕ್ರೋಗ್ರಾಂ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. 780 ಅಂದರೆ ಒಳಗೆ ನಿಜವಾಗಿ ಉರಿಯೂತ ಇದೆ, ಬರೀ ಗ್ಯಾಸ್ ಅಲ್ಲ. ಅಷ್ಟೇ. ಬೆಂಕಿ ಯಾರು ಹಚ್ಚಿದರು ಅಂತ ಅದು ಹೇಳೋದಿಲ್ಲ. ಟಿಬಿಯಲ್ಲೂ ಏರುತ್ತದೆ, ಕ್ರೋನ್ಸ್‌ನಲ್ಲೂ ಏರುತ್ತದೆ. ನೋವಿನ ಗುಳಿಗೆ ನುಂಗಿದರೂ ಏರುತ್ತದೆ. ಟಂಟಂ ಓಡಿಸುವವರು ಅಂದಿರಿ. ಸೊಂಟ ನೋವಿಗೆ ಡೈಕ್ಲೋಫೆನಾಕ್ ಗಿಕ್ಲೋಫೆನಾಕ್ ತಗೊಳ್ತಿದ್ರಾ? ಅಂಥ ಗುಳಿಗೆ ದಿನಾ ತಗೊಂಡರೆ ಅದೇ ಜಾಗದಲ್ಲಿ ಹುಣ್ಣೂ ಮಾಡಬಲ್ಲವು. ಡಾಕ್ಟರಿಗೆ ಹೇಳಿದ್ದೀರಾ?

ಇನ್ನೊಂದು. ಬಯಾಪ್ಸಿ ಚೂರು ಯಾವ ಡಬ್ಬಿಯಲ್ಲಿ ಹೋಯಿತು? ಇದನ್ನು ಯಾರೂ ಕೇಳೋದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಲು ಚೂರನ್ನು ಫಾರ್ಮಾಲಿನ್‌ನಲ್ಲಿ ಹಾಕುತ್ತಾರೆ, ಮೂಗಿಗೆ ಘಾಟು ಹೊಡೆಯುವ ನೀರು. ಅದರಲ್ಲಿ ಬಿದ್ದ ಕ್ಷಣದಿಂದ ಕ್ರಿಮಿ ಬದುಕೋದಿಲ್ಲ, ಆ ಚೂರಿನಿಂದ ಟಿಬಿ ಕ್ರಿಮಿ ಬೆಳೆಸಿ ನೋಡಲು, ಅಂದರೆ ಕಲ್ಚರ್ ಮಾಡಲು, ಆಗೋದಿಲ್ಲ. ಕಲ್ಚರ್‌ಗೆ, ಟಿಬಿ ಕ್ರಿಮಿಯ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ಟೆಸ್ಟಿಗೆ ಬೇರೆ ಚೂರುಗಳು ಸಲೈನ್‌ನಲ್ಲಿ ಹೋಗಬೇಕು. ನಮ್ಮ ಕೌಂಟರಿಗೆ ಬರುವ ಎಷ್ಟೋ ಕೇಸಿನಲ್ಲಿ ಒಂದೇ ಡಬ್ಬಿ ಇರುತ್ತದೆ, ಫಾರ್ಮಾಲಿನ್ ಡಬ್ಬಿ. ಕೆಳಗೆ ಚೀಟಿಯಲ್ಲಿ ಮಾತ್ರ "ಟಿಬಿ ಕಲ್ಚರ್ ಮಾಡಿ" ಅಂತ ಬರೆದಿರುತ್ತಾರೆ! ನಿಮ್ಮ ಫೈಲಿನಲ್ಲಿ ಕಲ್ಚರ್, ಜೀನ್‌ಎಕ್ಸ್‌ಪರ್ಟ್ ವರದಿ ಇದೆಯಾ ನೋಡಿ.

ಆರೋಗ್ಯ ಅಮೃತ:

ಇದೆಲ್ಲಾ ಕರುಳಿನ ಕೊಳೆ. ನಮ್ಮ ಕರುಳು ಶುದ್ಧಿ ಪುಡಿ 21 ದಿನ ಬಿಸಿ ನೀರಿನಲ್ಲಿ ತಗೊಳ್ಳಿ. ಮನೆಗೇ ಮೈಕ್ರೋಬಯೋಮ್ ಕಿಟ್ ಕಳಿಸುತ್ತೇವೆ, ಯಾವ ಕಾಯಿಲೆ ಅಂತ ಅದರಲ್ಲೇ ಗೊತ್ತಾಗುತ್ತದೆ. ಇನ್‌ಬಾಕ್ಸ್ ಮಾಡಿ.

ಸ್ಲೈಡ್ ಪೆಟ್ಟಿಗೆ:

ದಯವಿಟ್ಟು ಬೇಡ. ಕರುಳು ಕಿರಿದಾದವನಿಗೆ ಭೇದಿ ಪುಡಿ ಕೊಟ್ಟರೆ ನೇರ ಆಪರೇಷನ್ ಟೇಬಲ್ಲಿಗೆ ಹೋಗಬಹುದು. ಕರುಳಿನ ಸೂಕ್ಷ್ಮಾಣುಗಳ ಮೇಲೆ ಸಂಶೋಧನೆ ಜೋರಾಗಿ ನಡೆದಿದೆ, ನಿಜ. ಆದರೆ ಟಿಬಿ, ಕ್ರೋನ್ಸ್ ಇವುಗಳನ್ನು ಆ ಕಿಟ್ ನೋಡಿ ಯಾವ ಡಾಕ್ಟರೂ ತೀರ್ಮಾನ ಮಾಡೋದಿಲ್ಲ.

ರಾಣೆಬೆನ್ನೂರು ಅಕ್ಕ:

ಅಣ್ಣಾರ, ನಿಮ್ಮ ತಮ್ಮನ ಕಥೆ ಓದಿ ನಂದೇ ಫೈಲ್ ತೆರೆದ ಹಾಗಾಯಿತು. ನನಗೂ ಅದೇ ಜಾಗ, ಅದೇ ವರದಿ, "ಗ್ರ್ಯಾನ್ಯುಲೋಮಾ ಇದೆ, ಕೇಸಿಯೇಷನ್ ಇಲ್ಲ". ನನಗೂ ಟಿಬಿ ಗುಳಿಗೆ ಶುರು ಮಾಡಿದರು. ಮೊದಲ ತಿಂಗಳಲ್ಲೇ ಹಸಿವಾಗತೊಡಗಿತು, ನೋವು ಇಳಿಯಿತು. ಟಿಬಿನೇ ಅಂತ ಮನೆಯವರೆಲ್ಲ ಖುಷಿ! ಟಿಬಿ ಅಂತ ಗೊತ್ತಾಗಿ ಖುಷಿಪಟ್ಟ ಮನೆ ನಮ್ಮದೊಂದೇ ಇರಬೇಕು. ಗುಳಿಗೆ ಮುಗಿದರೆ ಕಾಯಿಲೆನೂ ಮುಗೀತು ಅನ್ನುವ ಆಸೆ, ಅಲ್ವಾ. ಅತ್ತೆ ಹೋಳಿಗೆ ಮಾಡಿದರು.

ಎರಡು ತಿಂಗಳಿಗೆ ಮತ್ತೆ ಸ್ಕೋಪ್ ಹಾಕಿದಾಗ ಹುಣ್ಣು ಇದ್ದ ಹಾಗೇ ಇತ್ತು. ಡಾಕ್ಟರು ಪರದೆ ಮೇಲೆ ಹಳೇ ಫೋಟೋ, ಹೊಸ ಫೋಟೋ ಪಕ್ಕಪಕ್ಕ ಇಟ್ಟು ತೋರಿಸಿದರು. ಉದ್ದಕ್ಕೆ ಗೀರಿದಂಥ ಹುಣ್ಣು, ಮೇಲೆ ಬಿಳಿ ಪೊರೆ, ಎರಡರಲ್ಲೂ ಒಂದೇ. "ನಿಮಗೆ ಆರಾಮ ಅನ್ನಿಸಿದ್ದು ಸುಳ್ಳಲ್ಲ, ಆದರೆ ನಾನು ನಂಬೋದು ಈ ಫೋಟೋವನ್ನು" ಅಂದರು. ನನ್ನದು ಕ್ರೋನ್ಸ್. ಈಗ ಮೈಯ ರೋಗನಿರೋಧವನ್ನು ತಗ್ಗಿಸುವ ಅಜಾಥಯೋಪ್ರಿನ್ ಗುಳಿಗೆ ಮೇಲೆ ಇದ್ದೇನೆ. ಆಗಾಗ ರಕ್ತ ಕೊಟ್ಟು ಬಿಳಿ ಕಣ ಎಷ್ಟಿವೆ ಅಂತ ನೋಡಿಸಬೇಕು. ಹೊಲಕ್ಕೂ ಹೋಗುತ್ತೇನೆ, ಮದುವೆಗೂ ಹೋಗುತ್ತೇನೆ.

ಅದಕ್ಕೇ ಹೇಳುವುದು, ಎರಡನೇ ಸ್ಕೋಪ್ ತಪ್ಪಿಸಬೇಡಿ. ಆರಾಮ ಆದ ಮೇಲೆ ನಿಮ್ಮ ತಮ್ಮನೇ ಬೇಡ ಅಂತಾನೆ. ಆ ಭೇದಿ ನೀರು ಕುಡಿಯುವ ಸಂಕಟ ನನಗೆ ಗೊತ್ತು.

ಊಟದ ಮಾತು. ಕರುಳು ಕಿರಿದಿರುವವರೆಗೆ ಹಸಿ ಮೂಲಂಗಿ, ಹಸಿ ಉಳ್ಳಾಗಡ್ಡಿ, ಸಿಪ್ಪೆ ಸಮೇತ ಕಾಳು, ಇಡಿ ಶೇಂಗಾ ಬೇಡ ಅಂದಿದ್ದರು ನನಗೆ. ಕಡಕ್ ರೊಟ್ಟಿ ಬದಲು ಮೆತ್ತಗಿನ ಅನ್ನ, ತಿಳಿಸಾರು, ಮೊಸರು. ಗದಗದವರಿಗೆ ಕಷ್ಟ, ಗೊತ್ತು.

ಮೂರನೇ ವರ್ಷದ ಪಿಜಿ:

ಹುಬ್ಬಳ್ಳಿಯಲ್ಲಿ ಜನರಲ್ ಮೆಡಿಸಿನ್ ಓದುತ್ತಿದ್ದೇನೆ. ತಮ್ಮನನ್ನು ನಾನು ನೋಡಿಲ್ಲ, ಹಾಗಾಗಿ ಯಾವ ಕಾಯಿಲೆ ಅಂತ ಹೇಳಲಾರೆ. "ಕೊಟ್ಟು ನೋಡೋಣ" ಅನ್ನುವುದು ಯಾಕೆ ಅಂತ ಹೇಳಬಲ್ಲೆ.

1932ರಲ್ಲಿ ನ್ಯೂಯಾರ್ಕ್‌ನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿಂಜ್‌ಬರ್ಗ್, ಒಪ್ಪನ್‌ಹೈಮರ್ ಮೂವರು ಸೇರಿ 14 ರೋಗಿಗಳ ಬಗ್ಗೆ ಬರೆದರು. ಅಲ್ಲಿಯವರೆಗೆ ಇಂಥ ಕೇಸುಗಳನ್ನು ಹೆಚ್ಚಾಗಿ ಕರುಳಿನ ಟಿಬಿ ಲೆಕ್ಕಕ್ಕೇ ಹಾಕುತ್ತಿದ್ದರು. ಅಂದರೆ ಕ್ರೋನ್ಸ್ ಹುಟ್ಟಿದ್ದೇ ಟಿಬಿಯಿಂದ ಬೇರೆ ಮಾಡಿ. ಆ ದೇಶಗಳಲ್ಲಿ ಆಮೇಲೆ ಟಿಬಿ ಕಡಿಮೆಯಾಯಿತು, ಅವರಿಗೆ ಈ ತಲೆನೋವು ಅಷ್ಟಿಲ್ಲ. ನಮಗೆ ಎರಡೂ ಇವೆ. ಎರಡೂ ಅದೇ ಮೂಲೆಯನ್ನೇ ಹಿಡಿಯುತ್ತವೆ.

ಕರುಳಿನ ಟಿಬಿಯಲ್ಲಿ ಕ್ರಿಮಿ ಬಹಳ ಕಡಿಮೆ ಇರುತ್ತವೆ. ಸಿಕ್ಕರೆ ಟಿಬಿ ಅಂತ ಗ್ಯಾರಂಟಿ, ಸಿಗದಿದ್ದರೆ ಇಲ್ಲ ಅಂತ ಗ್ಯಾರಂಟಿ ಇಲ್ಲ. ಜೀನ್‌ಎಕ್ಸ್‌ಪರ್ಟ್ ಕೂಡ ಕರುಳಿನ ಚೂರಿನಲ್ಲಿ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಎದೆಯ ಎಕ್ಸ್‌ರೇ ಚೊಕ್ಕ ಇದ್ದ ಮಾತ್ರಕ್ಕೆ ಹೊಟ್ಟೆಯ ಟಿಬಿ ಇಲ್ಲ ಅನ್ನುವಂತಿಲ್ಲ. ಸಂಜೆ ಜ್ವರ, ಹೊಟ್ಟೆಯಲ್ಲಿ ನೀರು, ಅಡ್ಡಡ್ಡ ಹುಣ್ಣು, ಸಿಟಿ ಸ್ಕ್ಯಾನ್‌ನಲ್ಲಿ ನಡುವೆ ಕೊಳೆತ ಗಂಟು ಇದ್ದರೆ ಟಿಬಿ ಕಡೆ ತೂಗುತ್ತದೆ. ಮಲದಲ್ಲಿ ರಕ್ತ, ಗುದದ ಹತ್ತಿರ ಫಿಸ್ಟುಲಾ (ಕೀವು ಸೋರುವ ತೂತು), ಉದ್ದುದ್ದ ಹುಣ್ಣು, ನಡುನಡುವೆ ಚೊಕ್ಕ ಜಾಗ ಬಿಟ್ಟು ಮತ್ತೆ ಹುಣ್ಣು ಇದ್ದರೆ ಕ್ರೋನ್ಸ್ ಕಡೆ. ಸಿಟಿ ಎಂಟೆರೋಗ್ರಫಿ, ಅಂದರೆ ದ್ರವ ಕುಡಿಸಿ ಸಣ್ಣ ಕರುಳನ್ನೇ ನೋಡುವ ಸ್ಕ್ಯಾನ್, ಆಗಿದೆಯಾ? ಲಿಂಫೋಮಾ ಅನ್ನುವ ಕ್ಯಾನ್ಸರ್, ಅಂತ ಮೂರನೆಯದೂ ಒಂದಿದೆ, ಪೆಥಾಲಜಿಯವರು ಅದನ್ನೂ ನೋಡಿರುತ್ತಾರೆ.

ಎಲ್ಲಾ ತೂಗಿದ ಮೇಲೂ ಸಮ ಬಂದರೆ ಟಿಬಿ ಔಷಧ ಮೊದಲು. ಕಾರಣ ಒಂದೇ. ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್, ಅದಕ್ಕಿಂತ ಜೋರಾದ ಇಂಜೆಕ್ಷನ್‌ಗಳು ಮೈಯ ಕಾವಲನ್ನು ಇಳಿಸುತ್ತವೆ. ಒಳಗಿರುವುದು ಟಿಬಿ ಆಗಿದ್ದರೆ ಅದು ಮೈತುಂಬಾ ಹರಡಬಹುದು. ತಿರುಗಿಸಿ ನೋಡಿ, ಕ್ರೋನ್ಸ್ ಇದ್ದವರಿಗೆ ಎರಡು ತಿಂಗಳು ಟಿಬಿ ಗುಳಿಗೆ ಕೊಟ್ಟರೆ ಹೊತ್ತು ಹೋಗುತ್ತದೆ, ಲಿವರ್ ಮೇಲೆ ಕಣ್ಣಿಡಬೇಕು, ಆದರೆ ಸಾಮಾನ್ಯವಾಗಿ ಅಷ್ಟು ದೊಡ್ಡ ಹಾನಿ ಇಲ್ಲ. ಹಾಗಂತ ಆರು ತಿಂಗಳು ಕಣ್ಣು ಮುಚ್ಚಿ ಎಳೆಯಬಾರದು. ಅಷ್ಟರಲ್ಲಿ ಕ್ರೋನ್ಸ್ ಕರುಳನ್ನು ಇನ್ನಷ್ಟು ಬಿಗಿ ಮಾಡಬಹುದು. ಅದಕ್ಕೇ ಎರಡು ತಿಂಗಳಿಗೆ ಸ್ಕೋಪ್. ಟಿಬಿ ಆಗಿದ್ದರೆ ಅಷ್ಟೊತ್ತಿಗೆ ಹುಣ್ಣು ಮಾಯುತ್ತಿರುತ್ತದೆ, ಕ್ಯಾಲ್‌ಪ್ರೊಟೆಕ್ಟಿನ್ ಇಳಿದಿರುತ್ತದೆ. ಕಿರಿದಾದ ಬಾಯಿ ಮಾತ್ರ ತೆರೆಯದೇ ಇರಬಹುದು, ಅದು ಗಾಯ ಒಣಗಿದ ಗುರುತು. ಟಿಬಿ ಅಂತ ಖಾತ್ರಿಯಾದರೆ ಒಟ್ಟು ಆರು ತಿಂಗಳು ಸಾಕು ಅಂತ 2016ರ ಭಾರತದ ಮಾರ್ಗಸೂಚಿಯೇ ಹೇಳುತ್ತದೆ.

ಇದು ಅಂದಾಜಲ್ಲ. ಔಷಧವನ್ನೇ ಟೆಸ್ಟ್ ಮಾಡಿಕೊಂಡಿದ್ದಾರೆ, ಫಲಿತಾಂಶ ಓದುವ ದಿನವನ್ನೂ ಮೊದಲೇ ಗೊತ್ತು ಮಾಡಿದ್ದಾರೆ.

ಅಮ್ಮನಿಗೆ ಹೇಳಿ, ತಾಟು ಲೋಟ ಒಟ್ಟಿಗೇ ಇಡಲಿ. ಶ್ವಾಸಕೋಶದಲ್ಲಿ ಟಿಬಿ ಇಲ್ಲದಿದ್ದರೆ ಕರುಳಿನ ಟಿಬಿ ಒಟ್ಟಿಗೆ ಉಂಡರೆ ಹರಡೋದಿಲ್ಲ. ಹಾಲು ಮಾತ್ರ ಕಾಯಿಸದೆ ಯಾರೂ ಕುಡಿಯಬೇಡಿ.

ಬೆಟಗೇರಿ ಲೆಕ್ಕದವ:

ಎಲ್ಲರಿಗೂ ಧನ್ಯವಾದ. ಫೈಲ್ ಪೂರ್ತಿ ತಿರುವಿದೆ. ಕಲ್ಚರ್ ವರದಿ ಇಲ್ಲ, ಜೀನ್‌ಎಕ್ಸ್‌ಪರ್ಟ್ ಇಲ್ಲ. ಬಿಲ್ಲಿನಲ್ಲೂ ಹಿಸ್ಟೊಪೆಥಾಲಜಿ ಒಂದೇ ಸಾಲು. ಬಿಲ್ ಓದುವುದಾದರೆ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಸಿಟಿ ಬರೀ ಸಾದಾ ಹೊಟ್ಟೆಯದು, ಗಂಟು ಇವೆ ಅಂತ ಇದೆ, ನಡುವೆ ಕೊಳೆತ ಬಗ್ಗೆ ಏನೂ ಬರೆದಿಲ್ಲ. ಸೊಂಟದ ಗುಳಿಗೆ ಕೇಳಿದೆ. ಹೌದು, ಮೆಡಿಕಲ್ ಶಾಪಿನಿಂದ ತಂದು ನುಂಗುತ್ತಿದ್ದನಂತೆ. ಯಾವ ಡಾಕ್ಟರಿಗೂ ಹೇಳಿಲ್ಲ, ಯಾರೂ ಕೇಳಲಿಲ್ಲ ಅಂತಾನೆ. ಈಗ ಟಿಬಿ ಗುಳಿಗೆ ಶುರು ಮಾಡುವ ಮೊದಲು ಮತ್ತೆ ಚೂರು ತೆಗೆಸಬೇಕಾ? ಅವನು ಇನ್ನೊಂದು ಸ್ಕೋಪ್ ಅಂದರೆ ಮನೆ ಬಿಟ್ಟು ಓಡುತ್ತಾನೆ.

ಮೂರನೇ ವರ್ಷದ ಪಿಜಿ:

ಶುರು ಮಾಡುವ ಮೊದಲೇ ಕೇಳಿ. ಗುಳಿಗೆ ಹೊಟ್ಟೆಗೆ ಬಿದ್ದ ಮೇಲೆ ಕಲ್ಚರ್‌ನಲ್ಲಿ ಕ್ರಿಮಿ ಸಿಗುವುದು ಇನ್ನೂ ಕಷ್ಟ. ಕಲ್ಚರ್ ಬರಲು ಆರು ವಾರದ ತನಕ ಹಿಡಿಯಬಹುದು, ಆದರೆ ಔಷಧ ನಿರೋಧ ಇದೆಯಾ ಅಂತಲೂ ತಿಳಿಯುತ್ತದೆ. ಬೇಕೇ ಬೇಕಾ ಅನ್ನುವುದನ್ನು ನೋಡುತ್ತಿರುವ ಡಾಕ್ಟರೇ ಹೇಳಬೇಕು. ತೂಕ ಬೇಗ ಇಳಿಯುತ್ತಿದ್ದರೆ ಅವರು ಕಾಯಲು ಒಪ್ಪದಿರಬಹುದು. ಹಳೇ ಚೂರು ಹುದುಗಿಸಿಟ್ಟ ಮೇಣದ ಬ್ಲಾಕ್, ಸ್ಲೈಡ್ ಇಸಿದುಕೊಂಡು ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಬಹುದು, ಅದಕ್ಕೆ ಸ್ಕೋಪ್ ಬೇಡ. ಮಿರಜ್, ಬೆಂಗಳೂರು ಎಲ್ಲಿಗೆ ಹೋದರೂ ಅವರು ಮೊದಲು ಕೇಳುವುದು ಅದನ್ನೇ. ಸೊಂಟದ ಗುಳಿಗೆ ಇವತ್ತೇ ನಿಲ್ಲಿಸಿ, ಚೀಟಿಯನ್ನು ಡಾಕ್ಟರಿಗೆ ತೋರಿಸಿ.

ವಾಂತಿ ಶುರುವಾಗಿ, ಹೊಟ್ಟೆ ಉಬ್ಬಿ, ಗಾಳಿಯೂ ಹೋಗದಿದ್ದರೆ ಈ ಚರ್ಚೆ ಬಿಟ್ಟು ನೇರ ತುರ್ತು ವಿಭಾಗಕ್ಕೆ ಹೋಗಿ.

ರಾಣೆಬೆನ್ನೂರು ಅಕ್ಕ:

ಟಿಬಿ ಗುಳಿಗೆ ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ. ಸರಕಾರದ ಟಿಬಿ ನೋಂದಣಿ ನಿಕ್ಷಯ್‌ನಲ್ಲಿ ಹೆಸರು ಹಚ್ಚಿಸಿ, ಊಟದ ಖರ್ಚಿಗೆ ಅಂತ 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿ ಮಾಡಿದ್ದಾರೆ. ಮೊದಲ ದಿನದಿಂದಲೇ ಮೂತ್ರ ಕಿತ್ತಳೆ ಬಣ್ಣ ಆಗುತ್ತದೆ, ಅದು ರಿಫಾಂಪಿಸಿನ್ ಅನ್ನುವ ಟಿಬಿ ಔಷಧದ ಬಣ್ಣ, ರಕ್ತ ಅಂತ ಗಾಬರಿ ಬೀಳಬೇಡಿ. ಕಣ್ಣು ಹಳದಿಯಾದರೆ, ಊಟ ಕಂಡರೆ ವಾಕರಿಕೆ ಬಂದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ, ಅದು ಲಿವರ್.

ಮೂರನೇ ವರ್ಷದ ಪಿಜಿ:

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಟಿಬಿ ಗುಳಿಗೆಗಳಲ್ಲಿ ಒಂದಾದ ಎಥಾಂಬುಟಾಲ್ ಕೆಲವರಿಗೆ ಕಣ್ಣಿನ ನರಕ್ಕೆ ತಾಗುತ್ತದೆ, ಮೊದಲು ಮಸುಕಾಗುವುದು ಕೆಂಪು ಹಸಿರಿನ ವ್ಯತ್ಯಾಸ. ಅವನು ಗಾಡಿ ಓಡಿಸುವವನು. ಸಿಗ್ನಲ್ ಬಣ್ಣ ಮಂಕಾಗಿ ಕಂಡರೆ ಅವತ್ತೇ ಗಾಡಿ ನಿಲ್ಲಿಸಿ ಹೇಳಲಿ.