ಪೈಪ್ ಹೂಳುವ ಮುಂಚೆ ಮಿಂಚುಹುಳ ಸಾಗಿಸಬಹುದಾ?

ತೀರ್ಥಹಳ್ಳಿ ಕಡೆಯವನು: ನಮ್ಮ ಹಳ್ಳದ ದಂಡೆಗೆ ನೀರಿನ ಪೈಪಿಗೆ ಜೆಸಿಬಿ ಬರ್ತಿದೆ. ಮುಂಗಾರಿನ ಹೊತ್ತಿಗೆ ಅಲ್ಲಿ ಮರದ ತುಂಬ ಮಿಂಚುಹುಳ. ಅಮೆರಿಕದ ನೆಬ್ರಾಸ್ಕದಲ್ಲಿ ಕೀಸ್ಟೋನ್ ಎಕ್ಸ್‌ಎಲ್ ತೈಲ ಪೈಪ್‌ಲೈನಿಗೆ ಮುಂಚೆ ಬೀಟಲ್ ಹುಳಗಳನ್ನು ಹಿಡಿದು ಬೇರೆ ಕಡೆ ಬಿಟ್ಟಿದ್ದರಂತೆ. ನಮಗೂ ಆಗುತ್ತಾ?

ಉತ್ತರ, ಸಾಗರ: ಅಣ್ಣಾ, ಆ ಬೀಟಲ್ ಅಂದರೆ ಅಮೆರಿಕನ್ ಬರಿಯಿಂಗ್ ಬೀಟಲ್, ಹೆಣ ಹೂಳುವ ಜೀರುಂಡೆ; 1989ರಲ್ಲೇ ಅಲ್ಲಿನ ಅಳಿವಿನಂಚಿನ ಪಟ್ಟಿಗೆ ಸೇರಿದ ಹುಳ. ಸತ್ತ ಹಕ್ಕಿಯನ್ನು ಗಂಡು ಹೆಣ್ಣು ಸೇರಿ ಮಣ್ಣಲ್ಲಿ ಹೂತು, ಪುಕ್ಕ ಕಿತ್ತು, ಉಂಡೆ ಮಾಡಿ ಮರಿಗಳಿಗೆ ಉಣಿಸುತ್ತವೆ. ಎಂಥಾ ಸಂಸಾರ ನೋಡಿ! ಬೋನಿನಲ್ಲಿ ಕೊಳೆತ ಮಾಂಸ ಇಟ್ಟರೆ ತಾವೇ ಬಂದು ಬೀಳುತ್ತವೆ. ಆಮೇಲೆ ಆ ಜಾಗದ ಹುಲ್ಲು ಸವರಿದರೆ ತಿರುಗಿ ಬರುವುದು ಕಡಿಮೆ. ಆದರೆ ಮಿಂಚುಹುಳದ ಮರಿ ಒದ್ದೆ ತರಗೆಲೆಯ ಅಡಿ ಬಸವನಹುಳ ತಿಂದು ಬೆಳೆಯುವಂಥದ್ದು. ಹಾರುವುದನ್ನು ಹಿಡಿದರೂ ಮರಿ ಜೆಸಿಬಿ ಅಡಿಗೇ.

ಉತ್ತರ, ಹೊಸನಗರ: ದಂಡೆ ಬಿಟ್ಟು ರಸ್ತೆ ಬದಿ ಅಗೆಯಲಿ ಅಂತ ಗ್ರಾಮಸಭೆಯಲ್ಲಿ ಬರೆದುಕೊಡಿ. ರಾತ್ರಿ ಫ್ಲಡ್‌ಲೈಟ್ ಬೇಡವೇ ಬೇಡ, ಆ ಬೆಳಕಲ್ಲಿ ಗಂಡಿಗೆ ಹೆಣ್ಣಿನ ಮಿಂಚು ಕಾಣಲ್ಲ.