ಫೋನಿಗೆ ಹತ್ತು ಜನ, ರುಜುವಿಗೆ ಯಾರೂ ಇಲ್ಲ

"ಮಾತಾಡಿದೀನಿ ಬಿಡಿ, ಕೆಲಸ ಆದಂಗೇ," ಅಂತ ಸೀನ ಮೊಬೈಲು ಜೇಬಿಗಿಳಿಸಿ ಅರಳಿಕಟ್ಟೆ ಮೇಲೆ ಕಾಲು ಚಾಚಿದ.

"ಯಾರತ್ರ?" ಮೇಷ್ಟ್ರು ಕೇಳಿದರು.

"ತಾಲ್ಲೂಕ್ ಪಂಚಾಯ್ತಿ ಮಾಜಿ ಮೆಂಬರ್ ಹತ್ರ. ಅವರು ಎಮ್ಮೆಲ್ಲೆ ಪಿಎ ತಮ್ಮನಿಗೆ ಹೇಳ್ತಾರೆ. ಅವನು ಪಿಎಗೆ, ಪಿಎ ಸರ್ಕಲ್ ಇನ್‌ಸ್ಪೆಕ್ಟರಿಗೆ."

"ಇನ್‌ಸ್ಪೆಕ್ಟರು ಠಾಣೆಗೆ ಫೋನ್ ಮಾಡಿ, 'ರುದ್ರೇಶ ಅಂದ್ರೆ ಯಾವನ್ರೀ ಅವನು?' ಅಂತಾರೆ," ಅಂದರು ಗುಮಾಸ್ತ ರಾಯರು. "ಇಷ್ಟೊತ್ತು ಅವನು ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದೋರಲ್ಲಿ ಒಬ್ಬ ಆಗಿದ್ದ. ಈಗ ಸಾಹೇಬರಿಗೆ ಹೆಸರು ಗೊತ್ತಿರೋ ಒಬ್ಬನೇ ಒಬ್ಬ."

"ಹಂಗಂತ ನನ್ನ ತಮ್ಮನ ಮಗ ಒಳಗೇ ಕೊಳೀಲಾ?" ಸಿದ್ದಣ್ಣನಿಗೆ ಸಿಟ್ಟು ಬಂತು.

"ಯಾಕ್ ಕೊಳೀಬೇಕು?" ಅಂದರು ರಾಯರು. "ಮೋಟಾರು ವಾಹನ ಕಾಯ್ದೆ 185ನೇ ಕಲಂ, ಕೇಳಿದ್ರೆ ಜಾಮೀನು ಕೊಡಲೇಬೇಕಾದ ಕೇಸು. ಠಾಣೆಯಲ್ಲೇ ಕೊಡಬಹುದು, ಜಡ್ಜ್ ಮುಂದೆ ನಿಲ್ಲೋತನಕ ಕಾಯಬೇಕಾಗಿಲ್ಲ. ಎಷ್ಟೋ ಸಲ ಒಳಗೆ ಕೂರಿಸೋದೂ ಇಲ್ಲ. ಗಾಡಿ ಇಟ್ಕೊಂಡು, ನೋಟಿಸು ಕೊಟ್ಟು, 'ಕುಡೀದೇ ಇರೋ ಯಾರನ್ನಾದ್ರೂ ಕರೆಸು, ಮನೆಗೆ ಹೋಗು' ಅಂತಾರೆ. ಇವನು 'ನಾನ್ಯಾರು ಗೊತ್ತಾ?' ಅಂದ. ಅವರಿಗೆ ಗೊತ್ತಿರಲಿಲ್ಲ, ಬರಕೊಂಡರು."

"ಹೆಲ್ಮೆಟ್ಟಿಗೆ ಕಟ್ಟಿದಂಗೆ ಅಲ್ಲೇ ಸ್ಪಾಟ್ ಫೈನ್ ಕಟ್ಟಿದ್ರೆ ಮುಗೀತಿತ್ತಪ್ಪ," ಅಂದ ಸೀನ.

"ಇದಕ್ಕೆ ಸ್ಪಾಟ್ ಫೈನ್ ಅನ್ನೋದೇ ಇಲ್ಲ ಕಣಯ್ಯ. ಸ್ಥಳದಲ್ಲೇ ತೀರಿಸ್ಕೊಳ್ಳೋ ಕಲಂಗಳ ಪಟ್ಟೀಲಿ 185 ಇಲ್ಲ, ಕೋರ್ಟಿಗೇ ಹೋಗ್ಬೇಕು. 2019ರ ತಿದ್ದುಪಡಿ ಆದ್ಮೇಲೆ ಮೊದಲನೇ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲಾ 6 ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಎರಡನೇ ಸಲಕ್ಕೆ 15,000, ಜೈಲು 2 ವರ್ಷದವರೆಗೆ. ಲೈಸೆನ್ಸು ಆರ್‌ಟಿಓಗೆ ಹೋಗುತ್ತೆ."

"ಏಲಕ್ಕಿ ಅಗಿದಿದ್ನಂತಲ್ಲ," ಅಂದರು ಮೇಷ್ಟ್ರು. "ರೀಲ್ಸಲ್ಲಿ ತೋರಿಸ್ತಾರೆ."

"ಏಲಕ್ಕಿ ಬಾಯಿಗೆ, ಮಿಷನ್ ನೋಡೋದು ಶ್ವಾಸಕೋಶದ ಗಾಳಿ. 100 ಮಿಲಿ ರಕ್ತಕ್ಕೆ ಆಲ್ಕೋಹಾಲು 30 ಮಿಲಿಗ್ರಾಂ ದಾಟಬಾರದು. ಒಂದು ಕ್ವಾರ್ಟರು, ಅಂದ್ರೆ 180 ಮಿಲಿ ವಿಸ್ಕಿ, ಮಧ್ಯಮ ಗಾತ್ರದ ಗಂಡಸಿಗೆ ಸುಮಾರು 130ರ ಮೇಲೆ ಏರಿಸುತ್ತೆ. ಇಳಿಯೋದು ಗಂಟೆಗೆ ಹೆಚ್ಚುಕಡಿಮೆ 15. ಲೆಕ್ಕ ನೀವೇ ಹಾಕಿ ಮೇಷ್ಟ್ರೇ."

ಮೇಷ್ಟ್ರು ಬೆರಳು ಮಡಚಿದರು. "ಏಳು ಗಂಟೆ!"

"ಅದೇ. ಸರಿರಾತ್ರಿಗೆ ಮುಗಿಸಿದೋನು ಬೆಳಗ್ಗೆ ಡೈರಿಗೆ ಹಾಲು ಹಾಕಕ್ಕೆ ಹೋದಾಗ ಊದಿಸಿದ್ರೂ ಸಿಕ್ಕಿಬೀಳ್ತಾನೆ. ಕಾಫಿ, ತಣ್ಣೀರು ಸ್ನಾನ ಎಲ್ಲಾ ನಿದ್ದೆ ಕೆಡಿಸೋಕೆ ಅಷ್ಟೆ."

"ಊದಲ್ಲ ಅಂದಿದ್ರೆ?"

"ಊದಲ್ಲ ಅಂದದ್ದೇ ಕೋರ್ಟಲ್ಲಿ ಅವನ ವಿರುದ್ಧ ಸಾಕ್ಷಿ. ಆದ್ರೆ ಪೊಲೀಸರಿಗೂ ಒಂದು ಕಟ್ಟುಪಾಡಿದೆ. ಹಿಡಿದ ಎರಡು ಗಂಟೆಯೊಳಗೆ ಡಾಕ್ಟರ್ ಹತ್ರ ತಪಾಸಣೆ ಮಾಡಿಸ್ಬೇಕು, ಇಲ್ದಿದ್ರೆ ಬಿಡಬೇಕು. ನಮ್ಮ ಕಡೆ ರಾತ್ರಿ ಹೊತ್ತು ಸರ್ಕಾರಿ ಆಸ್ಪತ್ರೇಲಿ ಡಾಕ್ಟ್ರು ಸಿಗೋದು ಪುಣ್ಯ. ಫೋನ್ ಮಾಡೋ ಬದಲು ಯಾರಾದ್ರೂ ಹೋಗಿ, ಎಷ್ಟೊತ್ತಿಗೆ ಹಿಡಿದ್ರು, ಎಷ್ಟೊತ್ತಿಗೆ ತಪಾಸಣೆ ಆಯ್ತು ಅಂತ ಬರಕೊಂಡಿದ್ರೆ ವಕೀಲರಿಗೆ ಉಪಯೋಗಕ್ಕೆ ಬರ್ತಿತ್ತು."

ಸೀನನ ಫೋನು ಕೂಗಿತು. ಎದ್ದು ಹೋಗಿ, ಗೆಲುವಿನಿಂದ ವಾಪಸ್ ಬಂದ. "ಪಿಎ ತಮ್ಮ ಲೈನಿಗೆ ಬಂದ್ರು. 'ಯಾವ ಠಾಣೆ?' ಅಂತ ಕೇಳಿದ್ರು."

"ಭಾರಿ ಪ್ರಗತಿ," ಅಂದರು ರಾಯರು.

"ಸರಿ ಮಾರಾಯ್ರೇ, ನೀವೇ ಹೇಳಿ. ಏನ್ ಮಾಡ್ಬೇಕು?"

"ಒಬ್ಬ ಜಾಮೀನುದಾರ ಬೇಕು. ಇಂಥ ಜಾಮೀನಿನ ಕಲಂ ಮೊದಲು ಸಿಆರ್‌ಪಿಸಿ 436 ಅಂತಿದ್ರಲ್ಲ, 2024ರ ಜುಲೈಯಿಂದ ಅದು ಹೊಸ ನಾಗರಿಕ ಸುರಕ್ಷಾ ಸಂಹಿತೇಲಿ 478. ಠಾಣಾಧಿಕಾರಿ ಮನಸ್ಸು ಮಾಡಿದ್ರೆ ಆರೋಪಿಯ ಸ್ವಂತ ಮುಚ್ಚಳಿಕೆ ಮೇಲೇ ಬಿಡಬಹುದು. ಜಾಮೀನು ತರೋ ಶಕ್ತಿ ಇಲ್ಲದ ಬಡವನಾದ್ರೆ ಹಾಗೆ ಬಿಡಲೇಬೇಕು. ಆದ್ರೆ ಹೊಸಾ ಕಾರಲ್ಲಿ ಸಿಕ್ಕಿಬಿದ್ದು ಬಡವ ಅಂದ್ರೆ ಮುಖ ನೋಡ್ತಾರೆ. ಅದಕ್ಕೆ ಒಬ್ಬ ಮನುಷ್ಯ, ಅವನ ಆಧಾರ್, ಫೋಟೋ, ಅವನ ಹೆಸರಲ್ಲಿರೋ ಪಹಣಿ. ಅಷ್ಟು ತಗೊಂಡು ಹೋಗಿ ರುಜು ಹಾಕಿ ಕರಕೊಂಡು ಬನ್ನಿ. ಮುಖ್ಯವಾಗಿ, ಅವನು ಕುಡಿದಿರಬಾರದು."

ಕಟ್ಟೆ ಮೇಲೆ ಯಾರೂ ಮಾತಾಡಲಿಲ್ಲ.

"ಬಾಡೂಟಕ್ಕೆ ಎಲ್ಲಾರೂ ಒಟ್ಟಿಗೇ ಹೋಗಿದ್ದು," ಅಂದ ಸೀನ ಮೆಲ್ಲಗೆ.

"ಗೊತ್ತು. ನಿನ್ನ ಗೆಳೆಯರು ಠಾಣೆ ಮುಂದೆ ಬೈಕು ನಿಲ್ಲಿಸಿದ್ರೆ, ಜಾಮೀನು ಬೇಕಾದೋರ ಸಂಖ್ಯೆ ಹೆಚ್ಚಾಗುತ್ತೆ. ಸಿದ್ದಣ್ಣ, ನೀನು ಕುಡಿಯಲ್ಲವಲ್ಲ. ನಿನ್ನ ಪಹಣಿ?"

"ಇನ್ನೂ ತಾತನ ಹೆಸರಲ್ಲೇ ಐತೆ. ಪೌತಿ ಖಾತೆ ಮಾಡಿಸಿಲ್ಲ."

"ತಾತನ್ನ ಕರೆಸೋಕಾಗಲ್ಲ. ಮೇಷ್ಟ್ರೇ?"

"ನಾನು ಪೆನ್ಷನ್ ತಗೊಳ್ಳೋನಪ್ಪ, ನಾಳೆ ಅವನು ವಾಯಿದೆ ದಿನ ಬರದಿದ್ರೆ ಮುಚ್ಚಳಿಕೆ ದುಡ್ಡು ನನ್ನ ತಲೆಗೆ. ಬೇಕಾದ್ರೆ ನನ್ನ ಶಿಷ್ಯ ಒಬ್ಬ ಡಿಸಿ ಆಫೀಸಲ್ಲಿದ್ದಾನೆ, ಫೋನ್ ಮಾಡ್ತೀನಿ."

"ನೋಡಿ, ಇನ್ನೊಂದು ಫೋನು." ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಿಂದೆ ಈ ಊರಲ್ಲಿ ಫೋನು ಒಂದೇ ಇತ್ತು, ಪೋಸ್ಟಾಫೀಸಲ್ಲಿ. ಆವಾಗ ಹುಡುಗರು ಸಿಕ್ಕಿಬಿದ್ರೆ ಯಾರಾದ್ರೂ ಕಂದಾಯದ ರಸೀತಿ ಮಡಚಿ ಜೇಬಿಗಿಟ್ಟು, ಬೈಕೊಂಡೇ ನಡಕೊಂಡು ಹೋಗೋರು. ಬಯ್ಯೋರು ಇನ್ನೂ ಇದ್ದಾರೆ."

"ಕೋರ್ಟ್ ಹತ್ರ ದುಡ್ಡಿಗೆ ಜಾಮೀನು ನಿಲ್ಲೋರು ಇರ್ತಾರಂತೆ," ಅಂದ ಸೀನ.

"ಇರ್ತಾರೆ. ಎಷ್ಟು ಜನಕ್ಕೆ ನಿಂತಿದೀನಿ ಅಂತ ಪ್ರಮಾಣ ಮಾಡಿ ಬರಕೊಡಬೇಕು ಅನ್ನೋದು ಅಂಥೋರಿಗೋಸ್ಕರಾನೇ. ಆ ಸಹವಾಸ ಬೇಡ. ಸಿದ್ದಣ್ಣ, ರುದ್ರೇಶನ ಪಾಲಿನ ಜಮೀನು ಯಾರ ಹೆಸರಲ್ಲಿದೆ?"

ಸಿದ್ದಣ್ಣ ಕೆಮ್ಮಿದ. "ಅವನ ಹೆಂಡ್ತಿ ಹೆಸರಲ್ಲಿ. ನನ್ನ ತಮ್ಮ ಸಾಯೋಕ್ ಮುಂಚೆ ದಾನಪತ್ರ ಮಾಡಿ ಖಾತೆನೂ ಮಾಡಿಸಿಬಿಟ್ಟ. ಮಗನ ಹೆಸರಲ್ಲಿದ್ರೆ ಕುಡಿದು ಮಾರಾಕ್ತಾನೆ ಅಂತ."

"ಮುಗೀತಲ್ಲ! ಆಧಾರ್ ಇದೆ, ಪಹಣಿ ಇದೆ, ಕುಡಿಯಲ್ಲ. ಇಡೀ ಊರಿಗೆ ಅರ್ಹತೆ ಇರೋದು ಆಯಮ್ಮ ಒಬ್ಬಳಿಗೇ. ಯಾರಾದ್ರೂ ಅವಳಿಗೆ ಫೋನ್ ಮಾಡಿದ್ರಾ?"

"ನಾನೇ ಮೊದಲು ಮಾಡಿದ್ದು," ಅಂದ ಸಿದ್ದಣ್ಣ. "ಬರ್ತೀನಿ ಅಂದ್ಲು. ಬೆಳಗ್ಗೆ ಎದ್ದು ಹಾಲು ಕರೆದು, ಡೈರಿಗೆ ಹಾಕಿ, ಮಕ್ಕಳನ್ನ ಸ್ಕೂಲಿಗೆ ಕಳಿಸಿ, ಆಮೇಲೆ. ಎಷ್ಟೊತ್ತು ಇಟ್ಕೊಬಹುದು ಅಂತ ನನ್ನನ್ನೇ ಕೇಳಿದ್ಲು."

"ಇಪ್ಪತ್ನಾಲ್ಕು ಗಂಟೆ," ಅಂದರು ರಾಯರು. "ಅಷ್ಟರೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸ್ಬೇಕು."

"ನಾನೂ ಅದನ್ನೇ ಹೇಳಿದೆ. 'ಹಂಗಾರೆ ದನಕ್ಕೆ ಹುಲ್ಲೂ ಕುಯ್ದು ಹಾಕೇ ಬತ್ತೀನಿ' ಅಂದ್ಲು."