ಸಹಾಯ ಬೇಕು: ಹಳೆಯ 18 ವೋಲ್ಟ್ ಡ್ರಿಲ್‌ಗೆ ಲಿಥಿಯಂ ಪ್ಯಾಕ್, ಟ್ರಿಗರ್ ಒತ್ತಿದರೆ ಕಟ್ ಆಗುತ್ತಿದೆ (ಕುಶಾಲನಗರ)

ನಮಸ್ಕಾರ. ನಿಕಲ್ ಕ್ಯಾಡ್ಮಿಯಂ ಡ್ರಿಲ್, 1.2 ವೋಲ್ಟಿನ 15 ಸೆಲ್ಲೂ ಹೋಗಿವೆ, ಮೋಟಾರ್, ಗೇರ್ ಗಟ್ಟಿಯಾಗಿವೆ. ಅದೇ ಡಬ್ಬಿಯಲ್ಲಿ 18650 ಲಿಥಿಯಂ ಸೆಲ್ 10 ಕೂತಿವೆ: ಸರಣಿಯಲ್ಲಿ ಐದು, ಜೋಡಿ ಜೋಡಿಯಾಗಿ. ತುಂಬಿದಾಗ 21 ವೋಲ್ಟ್.

ಸಿಲ್ವರ್ ಓಕ್ ಹಲಗೆಗೆ 10 ಮಿ.ಮೀ. ಬಿಟ್ ಇಟ್ಟು ಟ್ರಿಗರ್ ಒತ್ತಿದ ಕೂಡಲೇ 30 ಆಂಪಿಯರ್ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್ ಬೋರ್ಡ್) ಕಟ್ ಆಗುತ್ತದೆ. ಸೆಲ್ ತಲಾ 20 ಆಂಪಿಯರ್ ಕೊಡುವಂಥವು. ಮೋಟಾರ್ ಎದ್ದೇಳುವಾಗಿನ ಕರೆಂಟನ್ನು ಬಿಎಂಎಸ್ ತಾಳಿಕೊಳ್ಳುತ್ತಿಲ್ಲ ಅನ್ನಿಸುತ್ತದೆ. ಅದನ್ನು ತೆಗೆದುಹಾಕಿ ಎನ್ನಬೇಡಿ, ದಯವಿಟ್ಟು. ಚಾರ್ಜ್ ಇಳಿದಾಗ ಹಳೆ ಡ್ರಿಲ್ ತಾನಾಗಿ ನಿಲ್ಲುವುದಿಲ್ಲ, ಸೆಲ್ 2.5 ವೋಲ್ಟಿಗಿಂತ ಕೆಳಗೆ ಹೋದರೆ ಕೆಡುತ್ತದೆ. ನಿಕಲ್ ಸೆಲ್ಲಿನ ಹಳೆ ಚಾರ್ಜರ್ ಅಂತೂ ನಾನು ಮುಟ್ಟುತ್ತಿಲ್ಲ.

60 ಆಂಪಿಯರಿನ, ಬ್ಯಾಲೆನ್ಸ್ (ಸೆಲ್‌ಗಳ ವೋಲ್ಟೇಜ್ ಸಮ ಮಾಡುವುದು) ಇರುವ ಐದು ಸೆಲ್ ಬಿಎಂಎಸ್ ಎಲ್ಲಿ ಸಿಗುತ್ತದೆ? ನಿಕಲ್ ಪಟ್ಟಿಗೆ ಸ್ಪಾಟ್ ವೆಲ್ಡ್ ಮಾಡುವವರು ಮಡಿಕೇರಿ ಕಡೆ ಇದ್ದಾರಾ? ಸೆಲ್ಲಿಗೆ ನೇರ ಬೆಸುಗೆ ಬೇಡ, ಕಾವಿಗೆ ಒಳಗೆ ಹಾಳಾಗುತ್ತದೆ. ಮೈಸೂರಾದರೂ ಸರಿ.